ಸೊಕ್ಕೆಂಬ ಅಪವಾದ, ಸ್ವಭಾವವೆಂಬ ಅರಿವು

ತನ್ನನ್ನು ತಾನು ಅರಿಯಬೇಕೆಂದು ಶರಣರೂ ಹೇಳಿದರು, ವೇದಾಂತಿಗಳೂ ಹೇಳಿದರು. ನಲವತ್ತು ದಾಟಿದವನೊಬ್ಬ ತನ್ನದು ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ ಸ್ವಭಾವವೆಂದು ತಿಳಿದುಕೊಂಡರೆ ಅದೂ ಆ ಅರಿವಿಗೆ ಸೇರುತ್ತದೆಯೇ? ಸೇರುತ್ತದೆ ಎಂಬುದು ನನ್ನ ವಾದ. ನವಲಗುಂದ ತಾಲೂಕಿನ ತಿರ್ಲಾಪುರದಂಥ ಊರಲ್ಲಿ ಬದುಕು ಸಾಗುವುದೇ ಮಂದಿಯ ನಡುವೆ. ಮದುವೆಯ ಗದ್ದಲ ತಾಳದೆ ಎದ್ದುಹೋದವನು, ಮುಖ ನೋಡಿ ಮಾತಾಡದವನು, ಬೀಗರಿಗೆ ಇದ್ದದ್ದನ್ನು ಇದ್ದಂತೆ ಹೇಳಿದವನು ಅಲ್ಲಿ ‘ಸೊಕ್ಕಿನವ’ ಅನ್ನಿಸಿಕೊಳ್ಳುತ್ತಾನೆ. ಕೇಳಿ ಕೇಳಿ ಕೊನೆಗೆ ಅವನೂ ಅದನ್ನೇ ನಂಬುತ್ತಾನೆ. ಹೊರಗಿನ ಅಪವಾದವನ್ನೇ ತನ್ನ ಗುಣವೆಂದು ನಂಬಿದವನಿಗೆ ಆತ್ಮಜ್ಞಾನದ ಮೊದಲ ಮೆಟ್ಟಿಲೇ ಸಿಗುವುದಿಲ್ಲ.

ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಜರ್ 1944ರಲ್ಲಿ ಇಂಥ ಸ್ವಭಾವದ ಮಕ್ಕಳ ಬಗ್ಗೆ ಬರೆದರು. 1981ರಲ್ಲಿ ಲೋರ್ನಾ ವಿಂಗ್ ಅವರ ಲೇಖನದಿಂದ ಈ ಸ್ವಭಾವಕ್ಕೆ ಆಸ್ಪರ್ಜರ್ ಎಂಬ ಹೆಸರು ಬಳಕೆಗೆ ಬಂತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಆಟಿಸಂನ ವಿಶಾಲ ವರ್ಗದೊಳಗೆ ಸೇರಿಸಿತು. 2020ರಲ್ಲಿ ಪ್ರಕಟವಾದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಎಂಟೆಂಟು ಜನರ ಸಾಲುಗಳಲ್ಲಿ ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಲಾಯಿತು. ಆಟಿಸಂ ಇರುವವರದೇ ಸಾಲು ಇತರರ ಸಾಲಿನಷ್ಟೇ ಚೆನ್ನಾಗಿ ಕಥೆ ಮುಟ್ಟಿಸಿತು. ಎರಡೂ ಬಗೆಯವರು ಬೆರೆತ ಸಾಲಿನಲ್ಲಿ ಕಥೆ ಹೆಚ್ಚು ಸೋರಿಹೋಯಿತು. ಅಂದಮೇಲೆ ತೊಡಕು ಒಬ್ಬನ ತಲೆಯೊಳಗಷ್ಟೇ ಇಲ್ಲ, ಇಬ್ಬರ ನಡುವೆಯೂ ಇರಬಹುದು. ಕಚೇರಿಯಲ್ಲಿ ‘ಅದನ್ನೊಂದಿಷ್ಟು ನೋಡ್ಕೋರಿ’ ಎಂಬ ಮಾತಿನಿಂದ ಗೊಂದಲಕ್ಕೆ ಬೀಳುವವನು, ಯಾವ ಲೆಕ್ಕ, ಯಾವ ದಿನದೊಳಗೆ ಎಂದು ಬರೆದುಕೊಟ್ಟರೆ ಅಚ್ಚುಕಟ್ಟಾಗಿ ಮುಗಿಸಬಲ್ಲ. ಮನೆಯಲ್ಲಿ ಹೆಂಡತಿಯ ಮೌನದ ಅರ್ಥ ಅವನಿಗೆ ಹೊಳೆಯದಿರಬಹುದು. ಬಾಯಿಬಿಟ್ಟು ಹೇಳಿದರೆ ಅವನ ಅಕ್ಕರೆಗೆ ದಾರಿ ಸಿಗುತ್ತದೆ.

ಇದೆಲ್ಲ ತಪ್ಪಿಗೊಂದು ನೆವ ಎನ್ನುವವರಿದ್ದಾರೆ. ಆದರೆ ಅರಿವು ಹೊಣೆಯನ್ನು ಕಳೆಯುವುದಿಲ್ಲ, ಸ್ಪಷ್ಟಪಡಿಸುತ್ತದೆ: ನೋಯಿಸಿದ್ದಕ್ಕೆ ಕ್ಷಮೆ ಕೇಳುವುದು ಅವನ ಕರ್ತವ್ಯ, ಇಲ್ಲದ ಸೊಕ್ಕನ್ನು ಒಪ್ಪಿಕೊಳ್ಳುವುದಲ್ಲ. ಆತ್ಮಕ್ಕೆ ಯಾವ ಲಕ್ಷಣವೂ ಇಲ್ಲ, ಹೆಸರಿಗೇಕೆ ಅಂಟಿಕೊಳ್ಳಬೇಕು ಎಂಬುದು ಇನ್ನೂ ಆಳದ ಆಕ್ಷೇಪ. ಆದರೆ ಮನಸ್ಸಿಗೆ ಸಾಕ್ಷಿಯಾಗಬೇಕಾದವನು ಆ ಮನಸ್ಸು ನಡೆಯುವ ರೀತಿಯನ್ನು ಮೊದಲು ಕಾಣಲೇಬೇಕು; ಕಾಣದ್ದನ್ನು ಮೀರಲಾಗದು. ಹಿಂದೆ ಹೆಸರಿಲ್ಲದೆಯೇ ಬಾಳಿದರಲ್ಲ ಎಂಬ ಮಾತೂ ಇದೆ. ಬಾಳಿದರು ನಿಜ, ಎಷ್ಟು ಮಂದಿ ಒಳಗೇ ಬೆಂದರೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠಕ್ಕೆ ನಡೆದುಕೊಳ್ಳುವ ನಾಡು ಇದು. ಅವರಂಥ ಅವಧೂತರಿಗೆ ವೈದ್ಯರ ಹೆಸರು ಹಚ್ಚುವುದು ತರವಲ್ಲ. ಆದರೆ ಲೋಕದ ರೀತಿಗೆ ಒಗ್ಗದ ನಡೆಯನ್ನು ಅವರಲ್ಲಿ ಪೂಜಿಸುವ ನಾವು, ಪಕ್ಕದ ಮನೆಯವನಲ್ಲಿ ಅದನ್ನು ಸಹಿಸದಿರುವುದು ಭಕ್ತಿಗೆ ಒಪ್ಪುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿದೆ; ಸೂಕ್ತ ಅನುಕೂಲ ಒದಗಿಸುವ ಹೊಣೆಯನ್ನು ಸರ್ಕಾರಿ ಕಚೇರಿಗಳ ಮೇಲೆ ಹೊರಿಸಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆದರೆ ಕಾಯ್ದೆ ಮನೆಯ ಪಡಸಾಲೆಯೊಳಗೆ ಬರಲಾರದು. ಅಲ್ಲಿ ಅವನು ತನ್ನನ್ನು ಅರಿಯುವುದು ಅರ್ಧ ಕೆಲಸ. ಸೊಕ್ಕೆಂದು ಕರೆದವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಉಳಿದರ್ಧ, ಮತ್ತು ಅದೂ ಧರ್ಮವೇ.