‘ತೊಳೆದಿದ್ದೇನೆ’ ಎನ್ನುವ ಮಾತಿನ ಹೊಣೆ

‘ತೊಳೆದಿದ್ದೇನೆ’ ಎನ್ನುವುದು ಒಂದು ಮಾತು, ‘ಸ್ವಚ್ಛವಾಗಿದೆ’ ಎನ್ನುವುದು ಇನ್ನೊಂದು ಮಾತು. ಮೊದಲನೆಯದು ನಾನು ಮಾಡಿದ ಕೆಲಸದ ಬಗ್ಗೆ, ಎರಡನೆಯದು ನನ್ನೆದುರಿನ ವಸ್ತುವಿನ ಬಗ್ಗೆ. ಅಗಲ ಬಾಯಿಯ ಪಾತ್ರೆಯಾದರೆ ಇವೆರಡರ ನಡುವೆ ಹೆಚ್ಚು ಅಂತರವಿಲ್ಲ. ಕೈಯಾಡಿಸಿದರೆ ಜಿಡ್ಡು ತಿಳಿಯುತ್ತದೆ, ಬೆಳಕಿಗೆ ಹಿಡಿದರೆ ಕಲೆ ಕಾಣುತ್ತದೆ. ಪಾತ್ರೆಯ ಬಾಯಿ ಕಿರಿದಾಗಿ, ಒಳಗೆ ಅಡ್ಡಗೋಡೆಗಳಿದ್ದು, ಕೈಯೂ ಕಣ್ಣೂ ತಲುಪದಂತಿದ್ದರೆ? ಎಷ್ಟು ಸಲ ತೊಳೆದ ಮೇಲೆ ‘ಸ್ವಚ್ಛವಾಗಿದೆ’ ಎಂದು ಇನ್ನೊಬ್ಬರಿಗೆ ಹೇಳುವ ಹಕ್ಕು ನನಗೆ ಬರುತ್ತದೆ?

ತಿಳಿವಿನ ಕುರಿತಾದ ಈ ಪ್ರಶ್ನೆ ನೀತಿಯ ಪ್ರಶ್ನೆಯಾಗಿ ಬದಲಾಗುವುದನ್ನು ನೋಡಬೇಕಾದರೆ ಹಳೆಯ ಸ್ಪೋರ್ಟ್ಸ್ ಕಾರಿನ ಆಯಿಲ್ ಟ್ಯಾಂಕ್ ಒಳ್ಳೆಯ ಉದಾಹರಣೆ.

‘ಸಂಪ್’ ಎಂದರೆ ನಮಗೆ ಮನೆಯಂಗಳದ ನೀರಿನ ತೊಟ್ಟಿ ನೆನಪಾಗುತ್ತದೆ. ಕಾರಿನ ಎಂಜಿನ್ನಿನ ತಳದಲ್ಲೂ ಅಂಥದೊಂದು ತೊಟ್ಟಿ ಇರುತ್ತದೆ. ಸಾಮಾನ್ಯ ಕಾರಿನಲ್ಲಿ ಆಯಿಲ್ ಎಲ್ಲ ಅಲ್ಲಿಯೇ ನಿಂತಿರುತ್ತದೆ, ಪಂಪು ಅಲ್ಲಿಂದಲೇ ಎತ್ತಿ ಎಂಜಿನ್ನಿಗೆ ಉಣಿಸುತ್ತದೆ. ಆದರೆ ಕಾರು ವೇಗವಾಗಿ ತಿರುವಿನಲ್ಲಿ ಹೊರಳಿದಾಗ ಆಯಿಲ್ ಒಂದು ಪಕ್ಕಕ್ಕೆ ನುಗ್ಗುತ್ತದೆ. ಆಗ ಪಂಪು ಆಯಿಲಿನ ಬದಲು ಗಾಳಿಯನ್ನು ಎಳೆದುಕೊಂಡರೆ ಬೇರಿಂಗುಗಳು ಒಣಗಿ ಸವೆಯುತ್ತವೆ. ಇದನ್ನು ತಪ್ಪಿಸಲು ರೇಸಿಂಗ್ ಕಾರುಗಳಲ್ಲೂ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲೂ ‘ಡ್ರೈ ಸಂಪ್’ ಏರ್ಪಾಡು ಬಂತು. ತಳಕ್ಕೆ ಇಳಿದ ಆಯಿಲನ್ನು ಒಂದು ಪಂಪು ಕೂಡಲೇ ಎತ್ತಿ ಬೇರೊಂದು ಟ್ಯಾಂಕಿಗೆ ಕಳಿಸುತ್ತದೆ. ಇನ್ನೊಂದು ಪಂಪು ಆ ಟ್ಯಾಂಕಿನಿಂದ ಎಂಜಿನ್ನಿಗೆ ಒತ್ತಿ ಕೊಡುತ್ತದೆ. ನಮ್ಮ ಮನೆಗಳ ಸಂಪು ಮತ್ತು ಮೇಲಿನ ಟ್ಯಾಂಕಿನ ಸಂಬಂಧವೇ ಇದು.

1964ರಲ್ಲಿ ಉತ್ಪಾದನೆ ಆರಂಭವಾದ ಪೋರ್ಷೆ 911 ಮೊದಲಿನಿಂದಲೂ ಹೀಗೆಯೇ ಇತ್ತು. ಅದರ ಎಂಜಿನ್ 1998ರವರೆಗೂ ಗಾಳಿಯಿಂದ ತಣಿಯುವಂಥದು. ತಣಿಸಲು ನೀರಿಲ್ಲದ ಕಾರಣ ಶಾಖವನ್ನು ಹೊತ್ತೊಯ್ಯುವ ಕೆಲಸದಲ್ಲೂ ಆಯಿಲಿನ ಪಾಲು ದೊಡ್ಡದು. ಸಾಧಾರಣ ಸಣ್ಣ ಕಾರಿಗೆ 3–4 ಲೀಟರ್ ಸಾಕಾದರೆ ಇದಕ್ಕೆ ಸುಮಾರು 9 ಲೀಟರ್, ಮುಂದಿನ ಮಾದರಿಗಳಿಗೆ ಇನ್ನೂ ಹೆಚ್ಚು ಬೇಕು. ಹಳೆಯ ಮಾದರಿಗಳಲ್ಲಿ ಟ್ಯಾಂಕು ಬಲಗಡೆಯ ಹಿಂದಿನ ಚಕ್ರದ ಹಿಂಭಾಗದಲ್ಲಿ ಅಡಗಿ ಕೂತಿರುತ್ತದೆ. 1972ರ ಮಾದರಿಯಲ್ಲಿ ಮಾತ್ರ ಭಾರದ ಸಮತೋಲನಕ್ಕೆಂದು ಅದನ್ನು ಚಕ್ರದ ಮುಂದಕ್ಕೆ ತಂದು, ಆಯಿಲ್ ಹಾಕಲು ಕಾರಿನ ಹೊರಮೈಯಲ್ಲೇ ಒಂದು ಪುಟ್ಟ ಮುಚ್ಚಳ ಇಟ್ಟರು. ಬಂಕಿನ ಹುಡುಗರು ಅದನ್ನು ಪೆಟ್ರೋಲಿನ ಬಾಯಿ ಎಂದುಕೊಂಡು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ತುಂಬಿದ ಪ್ರಸಂಗಗಳು ನಡೆದವು. ಮರುವರ್ಷ ಟ್ಯಾಂಕು ಹಳೆಯ ಜಾಗಕ್ಕೇ ಮರಳಿತು. ಮುಚ್ಚಳದ ಕೆಳಗೆ ಏನಿದೆ ಎಂಬುದನ್ನು ಹೊರಗಿನಿಂದ ಊಹಿಸುವುದು ಎಷ್ಟು ಅಪಾಯ ಎಂಬುದಕ್ಕೆ ಇದು ನಗು ತರಿಸುವ ಉದಾಹರಣೆ. ನಗು ತರಿಸದ ಉದಾಹರಣೆಯೂ ಇದೆ.

ಒಂದು ಹಳೆಯ 911ನ ಎಂಜಿನ್ ಕೆಟ್ಟಿದೆ ಎಂದುಕೊಳ್ಳೋಣ. ಬೇರಿಂಗು ಸವೆದು ಲೋಹದ ಚೂರುಗಳು ಆಯಿಲಿನ ಜೊತೆ ಎಲ್ಲೆಡೆ ಹರಿದಿವೆ. ಎಂಜಿನ್ ಇಳಿಸಿ, ಬಿಚ್ಚಿ, ಹೊಸ ಭಾಗಗಳನ್ನು ಹಾಕಿ ತಿಂಗಳುಗಟ್ಟಲೆ ದುಡಿದು ಮತ್ತೆ ಕಟ್ಟುತ್ತಾರೆ. ಟ್ಯಾಂಕಿನೊಳಗೆ ಮಾತ್ರ ಹಳೆಯ ಎಂಜಿನ್ನಿನ ಚೂರುಗಳು ಮಡ್ಡಿಯಲ್ಲಿ ಹುದುಗಿ ಉಳಿದಿವೆ. ಈ ಕಾರುಗಳಲ್ಲಿ ಆಯಿಲ್ ಫಿಲ್ಟರ್ ಇರುವುದು ಎಂಜಿನ್ನಿನಿಂದ ಟ್ಯಾಂಕಿಗೆ ಮರಳುವ ದಾರಿಯಲ್ಲಿ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಅಂಥ ಫಿಲ್ಟರ್ ಇಲ್ಲ. ಅಂದರೆ ಟ್ಯಾಂಕಿನಲ್ಲಿ ಉಳಿದದ್ದು ನೇರವಾಗಿ ಹೊಸ ಬೇರಿಂಗಿಗೆ ಹೋಗುತ್ತದೆ. ಬೂಸ್ಟು ಹಿಡಿದ ಭರಣಿಗೆ ಹೊಸ ಉಪ್ಪಿನಕಾಯಿ ತುಂಬಿದಂತೆ: ಕೆಟ್ಟದ್ದು ಹಳೆಯದು, ಕೆಡುವುದು ಹೊಸದು.

ಹಾಗಾದರೆ ತೊಳೆದರಾಯಿತಲ್ಲ? ತೊಳೆಯುತ್ತಾರೆ. ಬೆಚ್ಚಗಿರುವಾಗಲೇ ಆಯಿಲ್ ಬಸಿದು, ಚಕ್ರ ಬಿಚ್ಚಿ, ಟ್ಯಾಂಕನ್ನು ಇಳಿಸಬೇಕು. ದಶಕಗಳಿಂದ ಬಿಗಿದು ಕೂತ ಪೈಪಿನ ನಟ್ಟುಗಳನ್ನು ಒಂದೇ ಸ್ಪ್ಯಾನರಿನಿಂದ ತಿರುಗಿಸಿದರೆ ಟ್ಯಾಂಕಿನ ಕತ್ತೇ ತಿರುಚಿ ಹರಿಯಬಹುದು. ಎರಡು ಸ್ಪ್ಯಾನರ್ ಹಿಡಿದು, ಒಂದರಲ್ಲಿ ತಡೆದು ಇನ್ನೊಂದರಲ್ಲಿ ಬಿಚ್ಚಬೇಕು. ಆಯಿಲ್ ಮಟ್ಟ ತೋರಿಸುವ ತೇಲುಬುರುಡೆಯನ್ನು ತೆಗೆದಿಟ್ಟು, ಜಿಡ್ಡು ಕರಗಿಸುವ ದ್ರಾವಣ ಸುರಿದು, ಕುಲುಕಿ, ತಲೆಕೆಳಗು ಮಾಡಿ ಬಸಿಯಬೇಕು. ಬಸಿದದ್ದನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಬೇಕು. ಚೂರು ಕಂಡರೆ ಮತ್ತೆ ಮೊದಲಿನಿಂದ. ಅಯಸ್ಕಾಂತ ಕಬ್ಬಿಣವನ್ನು ಹಿಡಿಯುತ್ತದೆ, ಆದರೆ ಅಲ್ಯೂಮಿನಿಯಂ, ತಾಮ್ರ, ಸೀಸಗಳನ್ನು ಹಿಡಿಯುವುದಿಲ್ಲ. ಆಯಿಲ್ ತುಳುಕದಂತೆ ಒಳಗೆ ಇಟ್ಟ ತಡೆಹಲಗೆಗಳ ಮೂಲೆಗಳಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಕಾಣುವುದೂ ಇಲ್ಲ. ಹತ್ತನೆಯ ಸಲ ಬಟ್ಟೆ ಬೆಳ್ಳಗೇ ಉಳಿಯಿತು ಎಂದರೆ ಈ ಸಲ ಏನೂ ಹೊರಬರಲಿಲ್ಲ ಎಂದಷ್ಟೇ ಅರ್ಥ.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ, ತತ್ತ್ವಚಿಂತಕ ಡಬ್ಲ್ಯು. ಕೆ. ಕ್ಲಿಫರ್ಡ್ ‘ದಿ ಎಥಿಕ್ಸ್ ಆಫ್ ಬಿಲೀಫ್’ ಎಂಬ ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಅವನ ಹಡಗು ಹಳೆಯದು, ರಿಪೇರಿಯಾಗಬೇಕು ಎಂಬ ಸಂಶಯ ಅವನಿಗಿದೆ. ಆದರೆ ಇಷ್ಟು ವರ್ಷ ಸುರಕ್ಷಿತವಾಗಿ ಹೋಗಿ ಬಂದಿದೆ, ಈ ಸಲವೂ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಕೊನೆಗೆ ಮನಸಾರೆ ನಂಬಿ, ವಲಸೆ ಹೊರಟ ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿತ್ತಲ್ಲ ಎಂದರೆ ಕ್ಲಿಫರ್ಡ್ ಒಪ್ಪುವುದಿಲ್ಲ. ಪರೀಕ್ಷಿಸಿ ಪಡೆಯಬೇಕಾದ ನಂಬಿಕೆಯನ್ನು ಸಂಶಯವನ್ನು ಅದುಮಿ ಪಡೆದದ್ದೇ ಅವನ ತಪ್ಪು. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಆ ತಪ್ಪು ಅಷ್ಟೇ ಇರುತ್ತಿತ್ತು.

ಟ್ಯಾಂಕಿನ ಮುಂದೆ ನಿಂತ ಮೆಕ್ಯಾನಿಕ್ಕಿಗೆ ಈ ಮಾಲೀಕನ ಆಮಿಷವೇ ಎದುರಾಗುತ್ತದೆ. ಗಿರಾಕಿ ದುಡ್ಡು ಕೊಡುವುದು ಎಂಜಿನ್ನಿಗೆ; ಹೊಳೆಯುವ ಬಣ್ಣ, ಕ್ರೋಮ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಟ್ಯಾಂಕಿನೊಳಗೆ ಯಾರೂ ಇಣುಕುವುದಿಲ್ಲ. ಎರಡು ಸಲ ತೊಳೆದಾಗಿದೆ, ಏನೂ ಆಗದು ಎಂದು ನಂಬುವುದು ಸುಲಭ, ಹಾಗೆ ನಂಬಿದರೆ ಲಾಭವೂ ಇದೆ. ಮೇಲಾಗಿ ಇಂಥ ಕಾರುಗಳು ಕೈಯಿಂದ ಕೈಗೆ ದಾಟುತ್ತಾ ಐವತ್ತು ಅರವತ್ತು ವರ್ಷ ಬದುಕುತ್ತವೆ. ಇಂದಿನ ಅಸಡ್ಡೆಗೆ ದಂಡ ತೆರುವವನು ಮೆಕ್ಯಾನಿಕ್ ಮುಖವನ್ನೇ ನೋಡಿರದ ಮೂರನೆಯ ಮಾಲೀಕನೂ ಆಗಬಹುದು.

ಆದರೂ ಕ್ಲಿಫರ್ಡನ ಮಾತನ್ನು ಕೊನೆಯವರೆಗೂ ಎಳೆದರೆ ಕಷ್ಟವಿದೆ. ಪೂರ್ಣ ಖಾತ್ರಿ ಬೇಕೆಂದರೆ ಟ್ಯಾಂಕನ್ನು ಕತ್ತರಿಸಿ ತೆರೆದು, ಉಜ್ಜಿ, ಮತ್ತೆ ಬೆಸೆಯಬೇಕು. ಕೆಲವರು ಹಾಗೆಯೇ ಮಾಡುತ್ತಾರೆ. ಆದರೆ ಮೂಲ ಟ್ಯಾಂಕು ಮತ್ತೆ ಮೂಲದಂತೆ ಇರುವುದಿಲ್ಲ, ಬೆಸುಗೆಯ ಕಿಡಿಯೊಂದು ಒಳಗೆ ಬಿದ್ದು ಹೊಸ ಚೂರಾಗಬಹುದು, ಬೆಸುಗೆ ಸರಿಯಾಗದಿದ್ದರೆ ಸೋರಲೂಬಹುದು. ಒಂದು ಸಂಶಯವನ್ನು ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ. ಹೊಸ ಟ್ಯಾಂಕು ಕೊಳ್ಳಲು ಎಲ್ಲರ ಕೈಲೂ ಆಗದು. ಅದನ್ನೂ ತೊಳೆದೇ ಹಾಕಬೇಕು.

ಕ್ಲಿಫರ್ಡನಿಗೆ ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ‘ದಿ ವಿಲ್ ಟು ಬಿಲೀವ್’ನಲ್ಲಿ ಉತ್ತರ ಕೊಟ್ಟ. ಪುರಾವೆಯಿಂದ ತೀರ್ಮಾನಿಸಲಾಗದ, ಆದರೆ ತೀರ್ಮಾನಿಸದೆ ಕೂರುವುದೂ ಒಂದು ಆಯ್ಕೆಯೇ ಆಗುವ ಸಂದರ್ಭಗಳಿವೆ, ಅಲ್ಲಿ ನಂಬಿ ನಡೆಯುವ ಹಕ್ಕು ನಮಗಿದೆ ಎಂಬುದು ಅವನ ವಾದ. ಈ ವಾದಕ್ಕೆ ಹೋಲುವ ಒಂದು ಏರ್ಪಾಡು ಆಯಿಲಿನ ಹಾದಿಯಲ್ಲೇ ಇದೆ. ಫಿಲ್ಟರ್ ಕಟ್ಟಿಕೊಂಡರೆ, ಅಥವಾ ಚಳಿಗೆ ಆಯಿಲ್ ಗಟ್ಟಿಯಾಗಿ ಫಿಲ್ಟರನ್ನು ದಾಟಲಾರದಿದ್ದರೆ, ಬೈಪಾಸ್ ವಾಲ್ವ್ ತೆರೆದುಕೊಂಡು ಆಯಿಲ್ ಸೋಸದೆಯೇ ಹರಿಯುತ್ತದೆ. ಹರಿವು ನಿಂತೇ ಹೋಗುವುದಕ್ಕಿಂತ ಕೊಳೆ ಆಯಿಲ್ ಹರಿಯುವುದು ವಾಸಿ ಎಂದು ವಿನ್ಯಾಸಕಾರ ಮೊದಲೇ ತೀರ್ಮಾನಿಸಿದ್ದಾನೆ. ಚೂರುಗಳು ಫಿಲ್ಟರ್ ದಾಟಿ ಟ್ಯಾಂಕು ಸೇರುವ ಒಂದು ದಾರಿಯೂ ಇದೇ. ವಿವೇಕದ ತೀರ್ಮಾನಕ್ಕೂ ಬೆಲೆ ಇದೆ, ಆ ಬೆಲೆ ಟ್ಯಾಂಕಿನ ತಳದಲ್ಲಿ ಕೂರುತ್ತದೆ.

ನನಗೆ ಅನ್ನಿಸುವಂತೆ, ಇಬ್ಬರ ವಾದಗಳ ನಡುವೆ ಕೇಳಬೇಕಾದ ಪ್ರಶ್ನೆ ಒಂದಿದೆ: ಉಳಿದ ಸಂಶಯವನ್ನು ಹೊರುವವರು ಯಾರು? ನನ್ನ ಕಾರು, ನನ್ನ ಎಂಜಿನ್, ನನ್ನ ದುಡ್ಡಾದರೆ ಜೇಮ್ಸ್ ಹೇಳುವಂತೆ ನಂಬಿ ಹೊರಡಬಹುದು. ಇನ್ನೊಬ್ಬರದಾದರೆ ನನ್ನ ಸಂಶಯವನ್ನು ಅವರಿಗೆ ಗೊತ್ತಾಗದಂತೆ ಅವರ ತಲೆಗೆ ಕಟ್ಟುವ ಹಕ್ಕು ನನಗಿಲ್ಲ. ಕ್ಲಿಫರ್ಡನ ಮಾಲೀಕ ಹಡಗಿನ ಹಲಗೆಗಳನ್ನು ನೋಡಲಿಲ್ಲ. ನೋಡಿಲ್ಲ ಎಂಬುದನ್ನು ಹತ್ತುವವರಿಗೆ ಹೇಳಲೂ ಇಲ್ಲ. ಎರಡನೆಯ ತಪ್ಪಿನ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ.

ಒಳ್ಳೆಯ ಮೆಕ್ಯಾನಿಕ್ ‘ಸ್ವಚ್ಛವಾಗಿದೆ’ ಎನ್ನಬೇಕಾಗಿಲ್ಲ. ಇಷ್ಟು ಸಲ ತೊಳೆದೆ, ಕೊನೆಯ ಮೂರು ಸಲ ಏನೂ ಬರಲಿಲ್ಲ, ತಡೆಹಲಗೆಗಳ ಹಿಂದೆ ನೋಡಲಾಗಲಿಲ್ಲ, ಟ್ಯಾಂಕನ್ನು ಕತ್ತರಿಸಿಲ್ಲ ಎಂದು ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದರೆ ಸಾಕು. ಅದನ್ನು ಓದಿದವನಿಗೆ ಖಾತ್ರಿ ಸಿಗಲಿಕ್ಕಿಲ್ಲ, ಆದರೆ ತಾನು ಯಾವುದನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂಬುದು ತಿಳಿಯುತ್ತದೆ.

ಕೆಲಸ ಅಲ್ಲಿಗೆ ಮುಗಿಯುವುದೂ ಇಲ್ಲ. ಈ ಕಾರಿನಲ್ಲಿ ಆಯಿಲ್ ಮಟ್ಟವನ್ನು ಸರಿಯಾಗಿ ಅಳೆಯಬೇಕಾದರೆ ಸಮತಟ್ಟು ನೆಲದಲ್ಲಿ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಅಳೆಯಬೇಕು. ನಿಂತ ಕಾರಿನ ಕಡ್ಡಿಯನ್ನು ನಂಬುವಂತಿಲ್ಲ. ಟ್ಯಾಂಕಿನ ಶುಚಿಯೂ ಹಾಗೆಯೇ, ಓಡಿಸಿದ ಮೇಲಷ್ಟೇ ಹೆಚ್ಚು ತಿಳಿಯುವಂಥದು. ಅದಕ್ಕೇ ಹೊಸದಾಗಿ ಕಟ್ಟಿದ ಎಂಜಿನ್ನಿನ ಮೊದಲ ಆಯಿಲನ್ನು ಬೇಗನೆ ಬಸಿದು, ಫಿಲ್ಟರನ್ನು ಕತ್ತರಿಸಿ, ಅದರ ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಅಲ್ಲಿ ಏನಾದರೂ ಮಿನುಗಿದರೆ ಟ್ಯಾಂಕನ್ನು ಮತ್ತೆ ಇಳಿಸಬೇಕು, ಬರೆದಿಟ್ಟ ಟಿಪ್ಪಣಿಗೆ ಇನ್ನೊಂದು ಸಾಲು ಸೇರಿಸಬೇಕು.