ಪರವಾಗಿ ಆಡುವ ಮಾತು

ಗುಡಗೇರಿಯ ಸಾಲಿಯಲ್ಲಿ ನಾನು ಮೂರನೇ ಇಯತ್ತೆ ಕಲಿಯುವಾಗ ನಮಗೆ ಮಧ್ಯಾಹ್ನ ಹಳದಿ ಬಣ್ಣದ ಉಪ್ಪಿಟ್ಟು ಕೊಡುತ್ತಿದ್ದರು. 1970ರ ದಶಕದ ಮಾತು ಅದು. ನನ್ನ ವಯಸ್ಸಿನ ಓದುಗರಲ್ಲಿ ಅನೇಕರಿಗೆ ಆ ವಾಸನೆ ಇನ್ನೂ ನೆನಪಿರಬೇಕು. ಅದನ್ನು 'ಕೇರ್ ಉಪ್ಪಿಟ್ಟು' ಎನ್ನುತ್ತಿದ್ದರು. ಮನೆಯಲ್ಲಿ ಅವ್ವ ದಿನಾಲೂ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಹಾಗೆಯೇ ಯಾರೋ ಹೆಣ್ಣುಮಕ್ಕಳು ಕೂತು ಈ ರವೆಯನ್ನೂ ಕೇರಿ ಕಳಿಸುತ್ತಾರೆ, ಅದಕ್ಕೇ ಆ ಹೆಸರು ಎಂದು ನಾನು ಬಹಳ ದಿನ ನಂಬಿದ್ದೆ. ಚೀಲದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಿ ಗುರುಗಳು ಹೇಳಿದರು: ಇದು ಅಮೆರಿಕದ ಜನ ಕೊಟ್ಟದ್ದು, ಮಾರಬಾರದು ಅಂತ ಬರೆದಾರ.

ಕೇರ್ ಎಂಬುದೊಂದು ಸಂಸ್ಥೆ ಎಂದು ಗೊತ್ತಾದದ್ದು ಬಿ.ಎಡ್. ಮುಗಿಸಿ ನಾನೇ ಶಿಕ್ಷಕಿಯಾದ ಮೇಲೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಯುರೋಪಿನ ಜನ ಹಸಿದು ಕೂತಾಗ, ಅಮೆರಿಕದ 22 ಸಂಘ-ಸಂಸ್ಥೆಗಳು ಒಂದಾಗಿ ಅದನ್ನು ಕಟ್ಟಿದವಂತೆ. ಒಬ್ಬೊಬ್ಬರೇ ಕಳಿಸಿದರೆ ತಲುಪದು, ಕೂಡಿ ಕಳಿಸೋಣ ಎಂದು ಆಹಾರದ ಡಬ್ಬಗಳನ್ನು ಹಡಗಿಗೆ ಏರಿಸಿದರು. ನಿನ್ನೆಯವರೆಗೆ ವೈರಿಯಾಗಿದ್ದ ಜರ್ಮನಿಯ ಮನೆಗಳಿಗೂ ಆ ಡಬ್ಬಗಳು ಹೋದವು. ನಮ್ಮ ಕಡೆ ಬಿತ್ತುವಾಗ, ಕಳೆ ತೆಗೆಯುವಾಗ ಮುಯ್ಯಾಳು ಹೋಗುತ್ತಾರಲ್ಲ, ಆ ಬುದ್ಧಿಯೇ ಇದು ಎಂದು ನನಗೆ ಸಂತೋಷವಾಯಿತು. ಆದರೆ ಮುಯ್ಯಿಗೂ ದಾನಕ್ಕೂ ಒಂದು ಅಂತರವಿದೆ. ಮುಯ್ಯಿಗೆ ಬಂದವಳ ಹೊಲಕ್ಕೆ ನಾಳೆ ನಾನು ಹೋಗುತ್ತೇನೆ, ಲೆಕ್ಕ ಸರಿಹೋಗುತ್ತದೆ. ದಾನ ಪಡೆದವಳು ಏನನ್ನು ತಿರುಗಿ ಕೊಡಬೇಕು? ಈ ಪ್ರಶ್ನೆ ನನಗೆ ಪುಸ್ತಕ ಓದಿ ಹುಟ್ಟಿದ್ದಲ್ಲ. ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಹುಟ್ಟಿದ್ದು.

ಕೆಲವು ವರ್ಷಗಳ ಹಿಂದೆ, ನಾನು ಕಲಿಸುತ್ತಿದ್ದ ಒಂದು ಹಳ್ಳಿಯ ಸಾಲಿಗೆ ಸಹಾಯ ಮಾಡುವ ಸಂಸ್ಥೆಯವರು ಬಂದರು. ಹಣ ಹೊರದೇಶದ್ದು, ಬಂದವರು ನಮ್ಮವರೇ. ಸಂಭಾವಿತರು, ಮೃದು ಮಾತಿನವರು. "ತೀರಾ ಕಷ್ಟದಲ್ಲಿರುವ ಮಕ್ಕಳ ಬಗ್ಗೆ ಹೇಳ್ರಿ ಮೇಡಂ, ನಾವು ಮೇಲಿನವರಿಗೆ ಬರೀಬೇಕು" ಎಂದರು. ನಾನು ಐದನೇ ಇಯತ್ತೆಯ ಒಬ್ಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದೆ. ಜಾಣ ಹುಡುಗಿ. ಅಪ್ಪನ ಕುಡಿತ, ಅವ್ವ ಕಂಡವರ ಮೆಣಸಿನ ಹೊಲಕ್ಕೆ ಕೂಲಿಗೆ ಹೋಗುವುದು, ಮನೆಯಲ್ಲಿ ಎಷ್ಟೋ ರಾತ್ರಿ ಒಲೆ ಹತ್ತದಿರುವುದು, ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಅವರು ಬರೆದುಕೊಂಡರು, ಫೋಟೋ ತೆಗೆದುಕೊಂಡರು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ನಾನು ಸಂಜೆಯ ಬಸ್ಸು ಹತ್ತಿದೆ.

ಮರುದಿನ ಆ ಹುಡುಗಿ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಸಾಲಿ ಬಿಟ್ಟ ಮೇಲೆ ಮನೆಗೆ ಹೋದೆ. ತಾಯಿ ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಹೇಳಿದಳು: "ಬಾಯೋರ, ನಮ್ಮ ಮನ್ಯಾಗ ಬಡತನ ಐತ್ರಿ, ಇಲ್ಲನ್ನಂಗಿಲ್ಲ. ಆದರ ಅದನ್ನ ನಾಕ ಮಂದಿ ಮುಂದ ಹೇಳ್ರಿ ಅಂತ ನಾ ನಿಮಗ ಯಾವಾಗ ಹೇಳಿದ್ನಿರಿ? ಗೆಳತ್ಯಾರ ಮುಂದ ನನ್ನ ಮಗಳು ತಲಿ ಹ್ಯಾಂಗ ಎತ್ತಬೇಕು?" ಹುಡುಗಿ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಕಾಲಷ್ಟೇ ನನಗೆ ಕಂಡಿತು.

ಎರಡು ತಿಂಗಳಿಗೆ ಸಂಸ್ಥೆಯಿಂದ ಎಲ್ಲ ಮಕ್ಕಳಿಗೂ ಪಾಟಿಚೀಲ, ಬೂಟು ಬಂದವು. ಅಷ್ಟರಲ್ಲಿ ಹುಡುಗಿಯೂ ಸಾಲಿಗೆ ಬರತೊಡಗಿದ್ದಳು. ಚೀಲದ ಮೇಲೆ ಸಂಸ್ಥೆಯ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಉಳಿದ ಮಕ್ಕಳು ಕುಣಿದಾಡಿದರು. ಇವಳು ಮಾತ್ರ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿಕೊಂಡು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ವರ್ಷವಿಡೀ ಹಾಗೆಯೇ ತಂದಳು. ಹೊಲಿಗೆಯ ದಾರಗಳು ಹೊರಗೆ ಜೋತಾಡುತ್ತಿದ್ದವು.

ನಾನು ಮಾಡಿದ್ದು ತಪ್ಪೇ? ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅರವತ್ತು ಮಕ್ಕಳಿಗೆ ಬೂಟು ಸಿಗುತ್ತಿರಲಿಲ್ಲ. ಎರೆ ನೆಲದ ಕೆಸರಿನಲ್ಲಿ ಬರಿಗಾಲಲ್ಲಿ ಬರುವ ಮಕ್ಕಳಿಗೆ ಬೂಟು ಸಣ್ಣ ವಸ್ತುವಲ್ಲ. ಒಬ್ಬಳ ನಾಚಿಕೆಗೆ ಅರವತ್ತು ಜನರ ಬೂಟು ಎಂದು ತಕ್ಕಡಿಯಲ್ಲಿಟ್ಟು ತೂಗಿದರೆ ನಾನು ಮಾಡಿದ್ದು ಲಾಭದ ವ್ಯವಹಾರವೇ. ಆದರೆ ತೂಗಿದವಳು ನಾನು, ತೆತ್ತವಳು ಆ ಹುಡುಗಿ. ತೂಕ ಸರಿಯೋ ತಪ್ಪೋ, ಆಕೆಯನ್ನು ಕೇಳದೆ ಆಕೆಯ ಮನೆಯ ಮಾತನ್ನು ತಕ್ಕಡಿಗೆ ಹಾಕುವ ಹಕ್ಕು ನನಗಿರಲಿಲ್ಲ. ಪಡೆದವಳು ಏನನ್ನು ತಿರುಗಿ ಕೊಡಬೇಕು ಎಂದು ಕೇಳಿದೆನಲ್ಲ, ಆ ದಿನ ಅವಳಿಂದ ನಾವು ಮಾನವನ್ನು ಕಿತ್ತುಕೊಂಡಿದ್ದೆವು.

ದೊಡ್ಡ ಸಂಸ್ಥೆಗಳಿಗೂ ಈ ಮಾತು ತಿಳಿಯದೇ ಇಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ಜಗತ್ತಿನ ಕೆಲವು ದೊಡ್ಡ ನೆರವಿನ ಸಂಸ್ಥೆಗಳು ಕೂಡಿ ಹತ್ತು ಅಂಶಗಳ ಒಂದು ನಡತೆಯ ನಿಯಮ ಮಾಡಿಕೊಂಡವು. ಅದರ ಕೊನೆಯ ಅಂಶ ಪ್ರಚಾರದ ಬಗ್ಗೆಯೇ ಇದೆ: ಸಂಕಟಕ್ಕೆ ಸಿಕ್ಕವರನ್ನು ಗತಿಗೆಟ್ಟ ವಸ್ತುಗಳಂತೆ ತೋರಿಸಬಾರದು, ಮಾನವುಳ್ಳ ಮನುಷ್ಯರೆಂದು ಕಾಣಬೇಕು ಎಂಬುದು ಅದರ ತಾತ್ಪರ್ಯ. ಹತ್ತಾರು ದೇಶಗಳಲ್ಲಿ ಓಡಾಡಿದ ಸಂಸ್ಥೆಗಳು ಬರೆದಿಟ್ಟುಕೊಂಡ ಮಾತನ್ನು ನನಗೆ ಆ ತಾಯಿ ಚಾಪೆಯ ಮೇಲೆ ಕೂತು ಒಂದೇ ನಿಮಿಷದಲ್ಲಿ ಹೇಳಿದ್ದಳು.

ಸಂಸ್ಥೆಗಳು ಒಂದಾಗಿ ಕೆಲಸ ಮಾಡಬೇಕೆಂಬುದು ನಿಜ. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ಪ್ರವಾಹ ಬಂದಾಗ ಮಲಪ್ರಭೆಯ ಕಡೆ ಇದ್ದ ನನ್ನ ಸಂಬಂಧಿಕಳೊಬ್ಬಳು ಹೇಳುತ್ತಿದ್ದಳು: ಒಂದೇ ವಾರದಲ್ಲಿ ಮೂರು ಕಡೆಯವರು ಬಂದು ಅವೇ ಪ್ರಶ್ನೆ ಕೇಳಿದರಂತೆ, ಮೂರು ಸಲ ಹಳೆಯ ಸೀರೆ ಬಂದವಂತೆ, ಅಡುಗೆ ಮಾಡಲು ಒಂದು ಪಾತ್ರೆ ಮಾತ್ರ ಯಾರೂ ತರಲಿಲ್ಲವಂತೆ. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ಬರಿ ತಮ್ಮತಮ್ಮಲ್ಲೇ ಮಾತಾಡಿಕೊಂಡರೂ ಸಾಲದು. ಹತ್ತು ಜನ ಕೂಡಿ ಒಬ್ಬಳ ಪರವಾಗಿ ಗಟ್ಟಿಯಾಗಿ ಮಾತಾಡತೊಡಗಿದರೆ ಆಕೆಯ ದನಿ ಇನ್ನಷ್ಟು ಅಡಗುತ್ತದೆ. ಪಾತ್ರೆ ಬೇಕೆಂದು ಹೇಳಬೇಕಾದವಳು ಅವಳು.

ಹಾಗಾದರೆ ಯಾರೂ ಯಾರ ಪರವಾಗಿಯೂ ಮಾತಾಡಬಾರದೇ? ಹಾಗೂ ಹೇಳಲಾರೆ. ನಮ್ಮ ಸೀಮೆಯದೇ ಉದಾಹರಣೆ ಇದೆ. 1980ರ ದಶಕದಲ್ಲಿ ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸುವ ಯೋಜನೆ ಬಂತು. ದನ ಮೇಯಿಸುವ, ಉರುವಲು ಆರಿಸುವ ಜಾಗಗಳು ಅವು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು, ಶಿವರಾಮ ಕಾರಂತರೂ ಜೊತೆಗೂಡಿದರು. ಆದರೆ ಮಾತು ದಿಲ್ಲಿಯಲ್ಲಿ ಮಾತ್ರ ನಡೆಯಲಿಲ್ಲ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದ ಕುಸನೂರಿನಲ್ಲಿ, ಹಳ್ಳಿಯ ಜನರೇ ನಿಂತು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಆ ಯೋಜನೆಯ ಕಂಪನಿಯೇ ಮುಚ್ಚಿತು. ಅಲ್ಲಿ ಪರವಾಗಿ ಆಡಿದವರ ಮಾತಿಗೆ ಬಲ ಬಂದದ್ದು, ಯಾರ ಪರವಾಗಿ ಆಡಿದರೋ ಅವರೇ ಮುಂದೆ ನಿಂತದ್ದರಿಂದ ಎಂದು ನನಗೆ ತೋರುತ್ತದೆ.

ಮಧ್ಯಾಹ್ನದ ಊಟದ ಕತೆಯೂ ಹಾಗೆಯೇ ತಿರುಗಿತು. 2001ರಲ್ಲಿ ಪಿಯುಸಿಎಲ್ ಸಂಸ್ಥೆ ಹೂಡಿದ ದಾವೆಯಲ್ಲಿ, ಅದೇ ವರ್ಷದ ನವೆಂಬರ್ 28ರಂದು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಸಾಲಿಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ದೇಶದ ಎಷ್ಟೋ ಸಂಘಟನೆಗಳು ಕೂಡಿ ಅದಕ್ಕಾಗಿ ದನಿ ಎತ್ತಿದವು. ನಮ್ಮ ರಾಜ್ಯದಲ್ಲಿ 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಮುಂದೆ ಎಲ್ಲ ಕಡೆ ಬಂತು. ಪಂಕ್ತಿಯಲ್ಲಿ ಕೂತ ಮಕ್ಕಳಿಗೆ ಬಡಿಸುವಾಗ ನೋಡುತ್ತೇನೆ. ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೆಂದು ಯಾರೂ ಕೇಳುವುದಿಲ್ಲ, ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ದಾಸೋಹ ಎಂಬ ಮಾತಿನಲ್ಲಿ ಬಡಿಸುವವನೇ ದಾಸ. ಹೆಸರಿಟ್ಟವರು ಯೋಚಿಸಿಯೇ ಇಟ್ಟಿರಬೇಕು.

ಆದರೂ ಕಾನೂನಿನ ಕೈ ಎಲ್ಲಕ್ಕೂ ತಲುಪುವುದಿಲ್ಲ. ಮತ್ತೊಂದು ಸಂಸ್ಥೆಯವರು ಬಂದಾಗ ನಾನು ಮೊದಲು ತಾಯಂದಿರನ್ನು ಕರೆದೆ. ಏನು ಕೇಳೋಣ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಮಾತಾಡಿದವಳು ಅದೇ ತಾಯಿ: "ಚೀಲ ಬ್ಯಾಡ್ರಿ ಬಾಯೋರ. ಹೆಣ್ಣುಮಕ್ಕಳ ಪಾಯಖಾನಿ ಬಾಗಿಲಕ್ಕ ಚಿಲಕಾ ಹಚ್ಚಸ್ರಿ. ದೊಡ್ಡ ಹುಡುಗ್ಯಾರು ಮನೀಗಿ ಬರೂತನಾ ತಡಕೊಂತಾರ."

ಇಪ್ಪತ್ತು ವರ್ಷ ಕಲಿಸಿದವಳು ನಾನು, ಹೆಣ್ಣುಮಗಳು. ಆ ಚಿಲಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೆ ಹೊರದೇಶದ ಹಣವೂ ಬೇಕಾಗಲಿಲ್ಲ. ಮುಂದಿನ ಸೋಮವಾರ ಊರಿನ ಬಡಿಗೇರನೇ ಬಂದು ಹಚ್ಚಿದ.

ಇನ್ನು ಮುಂದೆ ಯಾರ ಪರವಾಗಿಯೂ ಬಾಯಿ ತೆರೆಯುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿಲ್ಲ. ಮಾತಾಡಬೇಕಾದ ಸಂದರ್ಭ ಬರುತ್ತದೆ, ಮಾತಾಡುತ್ತೇನೆ. ಆದರೆ ಅದಕ್ಕೆ ಮೊದಲು ಅವರ ಮನೆಗೆ ಹೋಗಿ, ಚಾಪೆಯ ಮೇಲೆ ಕೂತು, "ಇದನ್ನ ಹೇಳಲೇನವ್ವಾ?" ಎಂದು ಕೇಳುತ್ತೇನೆ. ಬೇಡ ಎಂದ ತಾಯಂದಿರೂ ಇದ್ದಾರೆ. ಹಾಗೆ ಬೇಡವೆಂದಾಗ ಸುಮ್ಮನೆ ಎದ್ದು ಬರುವುದು, ನಿಜ ಹೇಳಬೇಕೆಂದರೆ, ನನಗೆ ಇನ್ನೂ ಕಷ್ಟವೇ ಆಗುತ್ತದೆ.