ಅರ್ಜಿ ಬರೆಯಲು ಬಾರದವರ ಹಸಿವು

2020ರ ಏಪ್ರಿಲ್ ಮೊದಲ ವಾರ. ನಮ್ಮ ಕರಾವಳಿಯ ಊರಿನ ಮಸೀದಿಯ ಬಾಗಿಲು ಮುಚ್ಚಿತ್ತು. ಜಮಾಅತ್‌ನ ನಾವು ನಾಲ್ಕೈದು ಮಂದಿ ಮದ್ರಸದ ವರಾಂಡದಲ್ಲಿ ದೂರ ದೂರ ಕುಳಿತು ಕಿಟ್‌ಗಳ ಪಟ್ಟಿ ಮಾಡುತ್ತಿದ್ದೆವು. ಹತ್ತು ಕೆ.ಜಿ. ಕುಚ್ಚಲಕ್ಕಿ, ಬೇಳೆ, ಸಕ್ಕರೆ, ಚಾಹುಡಿ, ಎಣ್ಣೆ, ಸಾಬೂನು. ದುಡ್ಡು ಇದ್ದದ್ದು ಇನ್ನೂರು ಕಿಟ್‌ಗಳಿಗೆ. ರೇಶನ್ ಕಾರ್ಡಿನ ಜೆರಾಕ್ಸ್ ಬೇಕು, ಜಮಾಅತ್ ರಿಜಿಸ್ಟರಿನಲ್ಲಿ ಹೆಸರಿರಬೇಕು, ಮನೆಗೊಂದೇ ಕಿಟ್ ಎಂದು ತೀರ್ಮಾನವಾಯಿತು. ಜೆರಾಕ್ಸ್ ಅಂಗಡಿಗಳೇ ಮುಚ್ಚಿವೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ!

ರೈಲು ಹಳಿಯಾಚೆ ತಗಡಿನ ಶೆಡ್‌ಗಳಲ್ಲಿ ಘಟ್ಟದ ಮೇಲಿನಿಂದ ಕೂಲಿಗೆ ಬಂದ ಕುಟುಂಬಗಳಿವೆಯಲ್ಲ, ಅವರ ಕಥೆ ಏನು ಎಂದು ಒಬ್ಬ ಹುಡುಗ ಕೇಳಿದ. "ಅವರು ಯಾರೂ ಬಂದು ಕೇಳಿಲ್ಲವಲ್ಲ" ಎಂದರು ಹಿರಿಯರೊಬ್ಬರು. ಅದು ಕಲ್ಲೆದೆಯ ಮಾತಾಗಿರಲಿಲ್ಲ. ನಾವೆಲ್ಲ ಹಾಗೆಯೇ ಯೋಚಿಸುತ್ತಿದ್ದೆವು. ಕೇಳಿದವರಿಗೆ ಕೊಡುವುದೇ ಕಷ್ಟವಾಗಿರುವಾಗ ಕೇಳದವರ ಚಿಂತೆ ಯಾರಿಗೆ? ಆದರೆ ಆ ಮಾತು ನಮ್ಮನ್ನು ಬಿಟ್ಟಿಲ್ಲ. ಕೊಡುವವನ ಹೊಣೆ ಎಲ್ಲಿಂದ ಶುರುವಾಗುತ್ತದೆ? ಕೇಳುವವನು ಬಾಗಿಲಿಗೆ ಬಂದ ಮೇಲೆಯೇ, ಅದಕ್ಕೂ ಮೊದಲೇ?

ನಮ್ಮ ವರಾಂಡದ ಈ ಪ್ರಶ್ನೆ ಅದೇ ದಿನಗಳಲ್ಲಿ ದೊಡ್ಡ ನಗರಗಳ ಮುಂದೆಯೂ ಇತ್ತು. ಅಲ್ಲಿ ಅರ್ಜಿದಾರರು ಮನೆಗಳಲ್ಲ, ಮನೆಗಳಿಗೆ ಊಟ ಒಯ್ಯುವ ಸಣ್ಣ ಸೇವಾ ಸಂಸ್ಥೆಗಳು. ಲಂಡನ್ ನಗರ ಇದನ್ನು ಹೇಗೆ ಎದುರಿಸಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

2020ರ ಮಾರ್ಚ್ 23ರಂದು ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. ಸಣ್ಣ ಸಂಸ್ಥೆಗಳ ಆದಾಯ ನಿಂತುಹೋಯಿತು. ಸಭಾಂಗಣದ ಬಾಡಿಗೆ ಇಲ್ಲ, ಹಳೆಯ ಬಟ್ಟೆ ಮಾರುವ ಅಂಗಡಿ ಇಲ್ಲ, ಚರ್ಚಿನ ಕಾಣಿಕೆ ಇಲ್ಲ, ಆ ವರ್ಷದ ರಮಝಾನಿನಲ್ಲಿ ಮಸೀದಿಯ ವಂತಿಗೆಯೂ ಇಲ್ಲ. ಅದೇ ಹೊತ್ತಿಗೆ ಫುಡ್‌ಬ್ಯಾಂಕ್‌ಗಳ ಮುಂದೆ ಸಾಲು ಬೆಳೆಯಿತು. ಆಗ ಲಂಡನ್ನಿನ ದಾನಿ ಸಂಸ್ಥೆಗಳು ಒಟ್ಟಾಗಿ ತುರ್ತು ಅನುದಾನದ ಒಂದು ವ್ಯವಸ್ಥೆ ಮಾಡಿದವು. ಮೇಯರರ ಆಡಳಿತವೂ ಸೇರಿದಂತೆ 60ಕ್ಕೂ ಹೆಚ್ಚು ದಾನಿಗಳು, ಎಲ್ಲರಿಗೂ ಸೇರಿ ಒಂದೇ ಅರ್ಜಿ ನಮೂನೆ. 3 ಸಾವಿರಕ್ಕೂ ಹೆಚ್ಚು ಅನುದಾನಗಳಲ್ಲಿ ಸುಮಾರು 5 ಕೋಟಿ 70 ಲಕ್ಷ ಪೌಂಡ್ ಹಂಚಿಕೆಯಾಯಿತು.

ಇದರ ಕೇಂದ್ರದಲ್ಲಿದ್ದ ನಿಧಿಯ ಹಿನ್ನೆಲೆ ಸ್ವಾರಸ್ಯವಾದುದು. ಥೇಮ್ಸ್ ನದಿಗೆ ಕಲ್ಲಿನ ಲಂಡನ್ ಸೇತುವೆ ಕಟ್ಟಿ ಮುಗಿದದ್ದು 1209ರಲ್ಲಿ. ಅದರ ದುರಸ್ತಿಗೆಂದು ಜನ ಮನೆ, ಜಮೀನು ಬಿಟ್ಟುಕೊಟ್ಟರು, ಸುಂಕದ ಹಣವೂ ಸೇರಿತು. 1282ರಲ್ಲಿ ರಾಜನ ಶಾಸನವಾಯಿತು. ಇಂದಿಗೂ ಆ ನಿಧಿ ಐದು ಸೇತುವೆಗಳನ್ನು ನೋಡಿಕೊಳ್ಳುತ್ತದೆ. ಸೇತುವೆಗೆ ಖರ್ಚಾಗಿ ಉಳಿದ ಹಣ 1995ರಿಂದ ಲಂಡನ್ನಿನ ಸೇವಾ ಸಂಸ್ಥೆಗಳಿಗೆ ಹೋಗುತ್ತಿದೆ. ವಕ್ಫ್ ಎಂದರೆ ಏನೆಂದು ಬಲ್ಲ ನಮಗೆ ಇದು ಅಪರಿಚಿತವೆನಿಸದು. ಎಂಟು ನೂರು ವರ್ಷಗಳ ಹಿಂದೆ ಕೊಟ್ಟವರ ಆಸ್ತಿಯ ಆದಾಯ 2020ರಲ್ಲಿ ಅಕ್ಕಿ ಬೇಳೆಯಾಗುವುದಾದರೆ ನಮ್ಮ ವಕ್ಫ್ ಆಸ್ತಿಗಳ ಅವಸ್ಥೆ ನೆನೆದು ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದು ಬೇರೆಯೇ ಲೇಖನದ ವಿಷಯ.

ಈ ದಾನಿಗಳು ಸಾಮಾನ್ಯ ದಿನಗಳಲ್ಲಿ ಕೇಳುವಷ್ಟು ದಾಖಲೆಗಳನ್ನು ಆಗ ಕೇಳಲಿಲ್ಲ. ವರದಿ ತಡವಾದರೂ ಸರಿ, ಒಂದು ಕೆಲಸಕ್ಕೆಂದು ಪಡೆದ ಹಣವನ್ನು ಇನ್ನೊಂದು ತುರ್ತಿಗೆ ಬಳಸಿದರೂ ಸರಿ ಎಂದು ನೂರಾರು ದಾನಿ ಸಂಸ್ಥೆಗಳು ಬಹಿರಂಗವಾಗಿ ಮಾತು ಕೊಟ್ಟವು. ಇದು ಸರಿಯೇ?

ಸರಿಯಲ್ಲ ಎನ್ನುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಣ ಕೊಡುವ ಅಧಿಕಾರಿಯದ್ದಲ್ಲ, ಸಾರ್ವಜನಿಕರದ್ದು ಅಥವಾ ಸತ್ತವರು ನಂಬಿ ಬಿಟ್ಟುಹೋದದ್ದು. ಇನ್ನೊಬ್ಬರ ಹಣದಲ್ಲಿ ಉದಾರಿಯಾಗುವುದು ದೊಡ್ಡ ಗುಣವೇನಲ್ಲ. ರಶೀದಿ ಪುಸ್ತಕ ಹಿಡಿದು ಊರೂರು ತಿರುಗುವ ಹೆಸರಿಲ್ಲದ ಸಂಘಗಳನ್ನು ನಾವು ಕಾಣದವರೇನಲ್ಲ. ಲೆಕ್ಕ ಕೇಳುವುದು ಅನುಮಾನವಲ್ಲ, ಅಮಾನತ್ತಿನ ರಕ್ಷಣೆ ಎಂದು ಅವರು ಹೇಳಿದರೆ ಒಪ್ಪಬೇಕಾಗುತ್ತದೆ.

ಆದರೂ ತಪ್ಪುಗಳಲ್ಲಿ ಎರಡು ಬಗೆಯಿದೆ. ಅರ್ಹನಲ್ಲದವನಿಗೆ ಕೊಟ್ಟರೆ ಹಣ ಹೋಗುತ್ತದೆ. ಅದು ಆಡಿಟ್‌ನಲ್ಲಿ ಕಾಣುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಕೊಟ್ಟವನಿಗೆ ನೋಟೀಸು ಬರುತ್ತದೆ. ಅರ್ಹನಾದವನಿಗೆ ಕೊಡದೆ ಹೋದರೆ ಅಥವಾ ಮೂರು ತಿಂಗಳು ತಡ ಮಾಡಿದರೆ ಹಸಿದವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ, ಯಾರಿಗೂ ನೋಟೀಸು ಬರುವುದಿಲ್ಲ. ಹೀಗಿರುವಾಗ ಕೊಡುವವನು ಸಹಜವಾಗಿಯೇ ಎರಡನೆಯ ತಪ್ಪಿನ ಕಡೆ ವಾಲುತ್ತಾನೆ, ಅದನ್ನೇ ಶಿಸ್ತು ಎಂದು ಕರೆಯುತ್ತಾನೆ. ಒಂದು ತಪ್ಪಿನ ನಷ್ಟ ಕೊಡುವವನಿಗೆ, ಇನ್ನೊಂದರ ನಷ್ಟ ಕೇಳುವವನಿಗೆ. ಎರಡನ್ನೂ ತೂಗುವ ತಕ್ಕಡಿ ಮಾತ್ರ ಕೊಡುವವನ ಕೈಯಲ್ಲಿ. ಲಂಡನ್ನಿನ ದಾನಿಗಳು ಒಂದಷ್ಟು ಹಣ ಪೋಲಾದರೂ ಸರಿ ಎಂದು ಒಪ್ಪಿಕೊಂಡು ಹೊರಟದ್ದನ್ನು ನಾವು ಮೆಚ್ಚುವುದು ಈ ಕಾರಣಕ್ಕೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಗ ಕೊಡುವುದರಲ್ಲೂ ಒಂದು ಪಕ್ಷಪಾತವಿದೆ. ಬೇಗ ಬರುವ ಅರ್ಜಿ ಯಾರದ್ದು? ಅರ್ಜಿ ಬರೆಯಲೆಂದೇ ಸಂಬಳದ ಸಿಬ್ಬಂದಿ ಇರುವವರದ್ದು. ನಂಬಿಕೆಯಿಂದ ಕೊಡುತ್ತೇವೆ ಎನ್ನುತ್ತೇವೆ, ಆದರೆ ನಮಗೆ ನಂಬಿಕೆ ಇರುವುದು ಪರಿಚಯ ಇದ್ದವರಲ್ಲಿ. ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಸಮುದಾಯಗಳ ಸಂಘಟನೆಗಳ ನಡುವೆ ಕೆಲಸ ಮಾಡುವ ಉಬೆಲೆ ಎಂಬ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. ಬಿಕ್ಕಟ್ಟು ಮೂರು ತಿಂಗಳು ದಾಟಿದರೆ ಈ ಸಮುದಾಯಗಳ ಸಣ್ಣ ಸಂಘಟನೆಗಳಲ್ಲಿ ಹತ್ತರಲ್ಲಿ ಒಂಬತ್ತು ಮುಚ್ಚಿಹೋಗಬಹುದು ಎಂದು ಅದು ಎಚ್ಚರಿಸಿತು. ಅವುಗಳಿಗೆ ಮೀಸಲು ಹಣವಿಲ್ಲ, ಸಂಬಳದ ನೌಕರರಿಲ್ಲ. ರೋಗ ಹೆಚ್ಚು ಹೊಡೆದದ್ದೂ ಅವರನ್ನೇ. ವಯಸ್ಸು, ಬಡತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬಾಂಗ್ಲಾದೇಶಿ ಮೂಲದವರ ಸಾವಿನ ಅಪಾಯ ಬಿಳಿಯ ಬ್ರಿಟಿಷರದ್ದಕ್ಕಿಂತ ಸುಮಾರು ಎರಡು ಪಟ್ಟು ಎಂದು ಜೂನ್‌ನಲ್ಲಿ ಅಲ್ಲಿನ ಸರಕಾರಿ ಆರೋಗ್ಯ ಸಂಸ್ಥೆಯೇ ಹೇಳಿತು. ಯಾವ ಮನೆಯಲ್ಲಿ ಮುದುಕಿ ಒಂಟಿಯಾಗಿದ್ದಾಳೆ, ಯಾವ ಮನೆಯವರು ಏನು ತಿನ್ನುತ್ತಾರೆ, ಯಾರಿಗೆ ಇಂಗ್ಲಿಷ್ ಓದಲು ಬಾರದು ಎಂಬುದು ಗೊತ್ತಿದ್ದದ್ದು ಆ ಸಣ್ಣ ಸಂಘಗಳಿಗೆ. ಗೊತ್ತಿಲ್ಲದೆ ಇದ್ದದ್ದು ಅರ್ಜಿಯ ಭಾಷೆ ಮಾತ್ರ.

ಲಂಡನ್ನಿಗೆ ಇದು ಗೊತ್ತಿರಬೇಕಿತ್ತು. 2017ರ ಜೂನ್ 14ರಂದು ಗ್ರೆನ್‌ಫೆಲ್ ಎಂಬ ಬಹುಮಹಡಿ ವಸತಿ ಕಟ್ಟಡ ಉರಿದು 72 ಮಂದಿ ಸತ್ತಾಗ ಸ್ಥಳೀಯ ಆಡಳಿತ ದಿಕ್ಕು ತೋಚದೆ ನಿಂತಿತ್ತು. ಬಾಗಿಲು ತೆರೆದದ್ದು ಸುತ್ತಲಿನ ಮಸೀದಿ, ಚರ್ಚು, ಬಡಾವಣೆಯ ಸಭಾಂಗಣಗಳು. ಕೊರೋನ ಕಾಲದಲ್ಲಿ ದಾನಿಗಳು ಒಟ್ಟು ಸೇರಿದ್ದರ ಹಿಂದೆ ಆ ಪಾಠವೂ ಇತ್ತು. ಆದರೂ ಸಮುದಾಯದ ಸಂಘಟನೆಗಳು ಗಟ್ಟಿಯಾಗಿ ದೂರಬೇಕಾಯಿತು. ಅನಂತರದ ಹಂತಗಳಲ್ಲಿ ಕಪ್ಪು ಮತ್ತು ಅಲ್ಪಸಂಖ್ಯಾತ ಸಮುದಾಯದವರು, ಅಂಗವಿಕಲರು, ಮಹಿಳೆಯರು ತಾವೇ ನಡೆಸುವ ಸಂಸ್ಥೆಗಳಿಗೆ ಆದ್ಯತೆ ಸಿಕ್ಕಿತು. ಅವುಗಳ ನಡುವೆ ಕೆಲಸ ಮಾಡುವವರನ್ನೇ ಜೊತೆಗಿಟ್ಟುಕೊಂಡು ಅರ್ಜಿ ಹಾಕಲು ನೆರವು ಕೊಡಿಸಲಾಯಿತು. ಇದೂ ಪಕ್ಷಪಾತವೇ ಎನ್ನುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಬಾಗಿಲಿನ ಮೆಟ್ಟಿಲು ಎತ್ತರವಾಗಿ ಕಟ್ಟಿದ್ದು ನಾವಾದರೆ, ಹತ್ತಲಾಗದವರಿಗೆ ಕೈ ಕೊಡುವುದು ಉಪಕಾರವಲ್ಲ.

ಹಣ ದೊಡ್ಡವರಿಂದ ಸಣ್ಣವರಿಗೆ ಇಳಿಯುವ ಈ ದಾರಿ ನಮ್ಮಲ್ಲಿ ಏನಾಯಿತು? ಲಾಕ್‌ಡೌನಿನ ಆರಂಭದಲ್ಲಿ ನೀತಿ ಆಯೋಗ ಸುಮಾರು 92 ಸಾವಿರ ಸ್ವಯಂಸೇವಾ ಸಂಸ್ಥೆಗಳಿಗೆ ಪತ್ರ ಬರೆದು ಕೈಜೋಡಿಸಲು ಕೇಳಿತು. ಏಪ್ರಿಲ್‌ನಲ್ಲಿ ಆಹಾರ ನಿಗಮದ ಅಕ್ಕಿಯನ್ನು ಕೆ.ಜಿ.ಗೆ 22 ರೂಪಾಯಿ, ಗೋಧಿಯನ್ನು 21 ರೂಪಾಯಿಗೆ ಹರಾಜಿಲ್ಲದೆ ಕೊಳ್ಳಲು ಅವುಗಳಿಗೆ ಅವಕಾಶ ಕೊಡಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಂಸತ್ತು ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ತಂದಿತು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದುರುಪಯೋಗ ತಡೆಯಲು ಎಂದು ಸರಕಾರ ಹೇಳಿತು. ಹಳ್ಳಿಯ ಸಣ್ಣ ಸಂಸ್ಥೆ ದಿಲ್ಲಿಯ ಬ್ಯಾಂಕಿನಲ್ಲಿ ತನ್ನದೇ ಖಾತೆ ತೆರೆದು, ತನ್ನದೇ ಪರವಾನಗಿ ಪಡೆದು, ತನ್ನದೇ ದಾನಿಯನ್ನು ಹುಡುಕಬೇಕು. ಅಷ್ಟೆಲ್ಲ ಬಲ್ಲ ಸಂಸ್ಥೆ ಸಣ್ಣದಾಗಿ ಏಕೆ ಉಳಿಯುತ್ತಿತ್ತು?

ನಮ್ಮ ವರಾಂಡದ ವಿಷಯಕ್ಕೆ ಬರೋಣ. ಆ ಹುಡುಗ ಮರುದಿನ ಬೈಕಿನಲ್ಲಿ ಹಳಿಯಾಚೆ ಹೋಗಿ ಬಂದ. ಮೂವತ್ತೊಂದು ಕುಟುಂಬಗಳು. ಮೇಸ್ತ್ರಿ ಲಾಕ್‌ಡೌನಿಗೆ ಮೊದಲೇ ಊರಿಗೆ ಹೋಗಿದ್ದ, ಅವರ ಕೂಲಿ ಬಾಕಿ ಇತ್ತು. ಅವರೇಕೆ ಬಂದು ಕೇಳಲಿಲ್ಲ? ಮಸೀದಿಯಲ್ಲಿ ಕೊಡುವುದು ತಮಗಲ್ಲ ಎಂದುಕೊಂಡಿದ್ದರಂತೆ. ಜೆರಾಕ್ಸಿನ ಷರತ್ತನ್ನು ಕೈಬಿಟ್ಟು ಅವರ ಹೆಸರುಗಳನ್ನು ಪಟ್ಟಿಗೆ ಸೇರಿಸಿದೆವು. ಕುಚ್ಚಲಕ್ಕಿ ಅವರಿಗೆ ರುಚಿಸದು ಎಂದು ಗೊತ್ತಾಗಿ ಎರಡನೆಯ ಸಲ ಬೆಳ್ತಿಗೆ ಅಕ್ಕಿ ಕೊಟ್ಟೆವು. ಷರತ್ತು ಸಡಿಲಿಸಿದ್ದರಿಂದ ಊರಿನ ಒಳಗೇ ಏಳು ಮನೆಯವರು ಎರಡೆರಡು ಕಿಟ್ ಒಯ್ದರು. ಖಜಾಂಚಿಯಾಗಿದ್ದ ಹಾಜಿಯವರು ಆ ಏಳು ಹೆಸರುಗಳನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟರು. ಮುಂದಿನ ಮಹಾಸಭೆಯಲ್ಲಿ ಆ ಪುಟದ ಮೇಲೆ ಒಂದು ಗಂಟೆ ಜಗಳವಾಯಿತು. ಹುಡುಗ ಬೈಕು ಹತ್ತದೆ ಇದ್ದಿದ್ದರೆ ಸಭೆ ಹತ್ತು ನಿಮಿಷದಲ್ಲಿ ಮುಗಿದು, ಲೆಕ್ಕ ಸರಿಯಾಗಿದೆ ಎಂದು ನಾವೆಲ್ಲ ಚಾ ಕುಡಿದು ಎದ್ದು ಬರುತ್ತಿದ್ದೆವು.